ಮರೆಯಲು ಸಮಯ ಸಿಕ್ಕಿಲ್ಲ, ಅಷ್ಟೇ

‘ಈಗಿನ ಹಾಡುಗಳಲ್ಲಿ ದಮ್ಮಿಲ್ಲ’ ಎಂದು ಕಳೆದ ವಾರ ಬರೆದ ಲೇಖಕರು ‘ಪ್ರೇಮಲೋಕ’ ಚಿತ್ರದ ಹಾಡುಗಳನ್ನು ಅಳತೆಗೋಲು ಮಾಡಿಕೊಂಡಿದ್ದಾರೆ. 1987ರಲ್ಲಿ ಹಂಸಲೇಖರ ಆ ಹಾಡುಗಳು ಬಂದಾಗ ‘ಇದೇನು ಹಾಡೋ, ಮಾತೋ’ ಎಂದು ನಮ್ಮ ಮನೆಯ ಹಿರಿಯರು ಟೇಪ್ ರೆಕಾರ್ಡರ್ ಆರಿಸುತ್ತಿದ್ದರು! ಆ ವರ್ಷದ ಕಳಪೆ ಹಾಡುಗಳನ್ನು ಮರೆತಿದ್ದೇವೆ. ಈ ವರ್ಷದವು ಇನ್ನೂ ಕಿವಿಯಲ್ಲಿವೆ.

ನಮ್ಮ ಕೊಡಗಿನ ಗೋಣಿಕೊಪ್ಪಲು ದಸರಾ ಮಂಟಪಗಳ ಅಬ್ಬರದ ಬಗ್ಗೆ ಅವರ ದೂರು ಸರಿ, ನನ್ನ ಕಿಟಕಿ ಗಾಜೂ ನಡುಗುತ್ತದೆ. ಆದರೆ ಅದು ಸ್ಪೀಕರ್ ಇಟ್ಟವರ ತಪ್ಪು, ರಾಗದ್ದಲ್ಲ. ಹುಡುಗರಿಗೆ ಹಳೆಯದರ ರುಚಿ ಗೊತ್ತಿಲ್ಲವೆಂಬುದಂತೂ ಶುದ್ಧ ಸುಳ್ಳು: ಮದುವೆಯಲ್ಲಿ ವಾಲಗ ಶುರುವಾಯಿತೋ, ಕೊಡವರ ನಿಲುವಂಗಿ ಕುಪ್ಯದ ಮೇಲೆ ಸೊಂಟಪಟ್ಟಿ ಚೇಲೆ ಬಿಗಿದುಕೊಂಡು ಮೊದಲು ಕುಣಿಯಲು ಇಳಿಯುವವರು ಅವರೇ. ಅವರ ಇಯರ್‌ಫೋನಿನಲ್ಲಿ ರ‍್ಯಾಪರ್ ಆಲ್ ಓಕೆ ಇದ್ದಾರೆ, ಸಂಗೀತ ನಿರ್ದೇಶಕ ಅಜನೀಶ್ ಲೋಕನಾಥ್ ಇದ್ದಾರೆ. ಲೇಖಕರು ಕೇಳಿದ್ದಾರೆಯೇ? ಲೇಖನದುದ್ದಕ್ಕೂ ಇತ್ತೀಚಿನ ಒಂದು ಹಾಡಿನ ಹೆಸರೂ ಇಲ್ಲ.