ಸೆಲ್ಫ್ ತಿರುಗುತ್ತದೆ, ಎಂಜಿನ್ ಏಳುವುದಿಲ್ಲ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂಬ ಗಾದೆ ನಮ್ಮಲ್ಲಿ ಬಹು ಹಳೆಯದು. ಎತ್ತಿನ ಗಾಡಿಯ ಕಾಲದಲ್ಲಿ ಹುಟ್ಟಿದ ಈ ಮಾತು ಮೋಟಾರು ಗಾಡಿಯ ಕಾಲಕ್ಕೂ ಎಷ್ಟು ಚೆನ್ನಾಗಿ ಒಪ್ಪುತ್ತದೆಂಬುದನ್ನು ಕಾಣಬೇಕಾದರೆ, ಬೆಳಗಿನ ಜಾವ ಸ್ಟಾರ್ಟಾಗದೆ ನಿಂತ ಡೀಸೆಲ್ ಪಿಕಪ್ಪೊಂದರ ಸುತ್ತ ನೆರೆದವರ ಮಾತನ್ನು ಆಲಿಸಬೇಕು. ಬ್ಯಾಟರಿ ಹೋಗಿದೆ, ಬದಲಾಯಿಸು ಎನ್ನುವವರು ಒಬ್ಬರು. ಪಂಪು ಕೆಟ್ಟಿದೆ, ಬಿಚ್ಚಿಸು ಎನ್ನುವವರು ಇನ್ನೊಬ್ಬರು. ನಾಜಲ್‌ಗಳನ್ನೆಲ್ಲ ಹೊಸದಾಗಿ ಹಾಕಿಸದೆ ಗತಿಯಿಲ್ಲವೆಂದು ತೀರ್ಪು ಕೊಡುವವರು ಮೂರನೆಯವರು. ಗಾಡಿಯ ವಿಷಯ ಹೇಳುವವರು ಎಲ್ಲರೂ. ಗಾಡಿಯನ್ನೇ ಕೇಳುವವರು ಮಾತ್ರ ಯಾರೂ ಇಲ್ಲ!

ಮೊಳಕಾಲ್ಮೂರಿನಲ್ಲಿ ಇಂಥ ಒಂದು ಗಾಡಿ ನಿಂತಿದೆಯೆಂದು ಭಾವಿಸೋಣ. ಚಿತ್ರದುರ್ಗ ಜಿಲ್ಲೆಯ ಅಂಚಿನಲ್ಲಿ, ಆಂಧ್ರದ ರಾಯದುರ್ಗಕ್ಕೆ ನೆರೆಯಾಗಿರುವ ಈ ಊರನ್ನು ಅಲ್ಲಿಯ ರೇಷ್ಮೆ ಸೀರೆಯಿಂದಾಗಿ ನಮ್ಮ ಸೋದರಿಯರೆಲ್ಲ ಬಲ್ಲರು. ಚರಿತ್ರೆ ಓದಿದವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳಿಂದಾಗಿ ಬಲ್ಲರು. ಆದರೆ ಅಲ್ಲಿಯ ರೈತನಿಗೆ ಮುಖ್ಯವಾದುದು, ಮಳೆ ಕಡಮೆಯಾದ ಆ ನೆಲದಲ್ಲಿ ಬೆಳೆದ ಕಡಲೆಕಾಯಿ, ಆ ಸೀಮೆಯವರ ಮಾತಿನಲ್ಲಿ ಶೇಂಗಾ, ಹೊತ್ತಿಗೆ ಸರಿಯಾಗಿ ಚಳ್ಳಕೆರೆಯ ಮಾರುಕಟ್ಟೆಯನ್ನು ಸೇರುವುದು. ಗಾಡಿಯ ಯಜಮಾನನು ಸಾಲ ಮಾಡಿ ಗಾಡಿ ಕೊಂಡವನು. ಗಾಡಿ ನಿಂತರೂ ತಿಂಗಳ ಕಂತು ನಿಲ್ಲುವುದಿಲ್ಲ. ಒಂದು ದಿನದ ಬಾಡಿಗೆ ತಪ್ಪಿದರೆ ಅವನು ಹೇಗೋ ತಾಳಿಕೊಂಡಾನು. ಬೇಡದ ಭಾಗಕ್ಕೆ ಹಣ ತೆತ್ತ ಮೇಲೆಯೂ ಗಾಡಿ ಏಳದಿದ್ದರೆ ಅವನ ಸಂಸಾರದ ಲೆಕ್ಕವೇ ತಲೆಕೆಳಗಾಗುತ್ತದೆ. ಆದುದರಿಂದ ಡೀಸೆಲ್ ಎಂಜಿನ್ನನ್ನು ಕ್ರಮವಾಗಿ ಪ್ರಶ್ನಿಸುವುದು ಹೇಗೆಂಬುದನ್ನು ಈ ವಾರ ವಿಚಾರಿಸೋಣ. ಮನೆಯಲ್ಲಿ ಡೀಸೆಲ್ ಕಾರಿಟ್ಟುಕೊಂಡಿರುವ ಪಟ್ಟಣದ ವಾಚಕರಿಗೂ ಇದು ನಿರುಪಯೋಗವಾಗಲಾರದು.

ಆ ಸೀಮೆಗೂ ಈ ಎಂಜಿನ್ನಿಗೂ ಸ್ವಾರಸ್ಯವಾದ ಒಂದು ನಂಟುಂಟು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರು ೧೮೯೭ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಮೂರು ವರ್ಷಗಳ ತರುವಾಯ, ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ, ಅಂಥದೇ ಒಂದು ಸಣ್ಣ ಎಂಜಿನ್ನು ಓಡಿದ್ದು ಯಾವುದರಿಂದ ಬಲ್ಲಿರಾ? ಕಡಲೆಕಾಯಿ ಎಣ್ಣೆಯಿಂದ! ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯವರು ಇದನ್ನು ಕೇಳಿ ಹೆಮ್ಮೆಪಟ್ಟರೆ ತಪ್ಪಿಲ್ಲ. ಆದರೆ ಇಂದಿನ ನಾಜೂಕಾದ ಪಂಪುಗಳಿಗೆ ಆ ಎಣ್ಣೆಯನ್ನು ಕುಡಿಸುವ ಸಾಹಸ ಮಾತ್ರ ಬೇಡ.

ಪೆಟ್ರೋಲ್ ಎಂಜಿನ್ನಿಗೆ ಕಿಡಿ ಹೊತ್ತಿಸಲು ಸ್ಪಾರ್ಕ್ ಪ್ಲಗ್ಗುಂಟು. ಡೀಸೆಲ್ ಎಂಜಿನ್ನಿಗೆ ಅದಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬೆಚ್ಚಗಾಗುವುದನ್ನು ಹುಡುಗರೆಲ್ಲ ನೋಡಿದ್ದಾರೆ. ಅದೇ ನ್ಯಾಯದಂತೆ ಇಲ್ಲಿ ಪಿಸ್ಟನ್ನು ಗಾಳಿಯನ್ನು ಅದರ ಮೊದಲಿನ ಗಾತ್ರದ ೧೬ರಿಂದ ೨೨ರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಗಾಳಿ ೫೦೦ ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕಿ ಕಾಯುತ್ತದೆ. ಆ ಕ್ಷಣದಲ್ಲಿ ನಾಜಲ್ ಡೀಸೆಲನ್ನು ಮಂಜಿನಂತೆ ಸಿಂಪಡಿಸುತ್ತದೆ. ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಈ ಎಂಜಿನ್ನು ಬೇಡುವುದು ಮೂರನ್ನೇ: ಸಾಕಷ್ಟು ವೇಗವಾಗಿ ತಿರುಗಿಸುವ ಸೆಲ್ಫ್, ಚೆನ್ನಾಗಿ ಅದುಮಿದ ಗಾಳಿ, ನೀರೂ ಗಾಳಿಗುಳ್ಳೆಯೂ ಸೇರದೆ ಒತ್ತಡದಿಂದ ಬರುವ ಡೀಸೆಲ್. ಈ ಮೂರರಲ್ಲಿ ಯಾವುದು ತಪ್ಪಿದೆಯೆಂದು ಪತ್ತೆ ಮಾಡುವುದೇ ಪರೀಕ್ಷೆ. ಅದರ ಕ್ರಮವೂ ಸರಳವೇ: ಮೊದಲು ಕಿವಿ, ಆಮೇಲೆ ಕಣ್ಣು, ಅನಂತರ ಕೈ, ಕಟ್ಟಕಡೆಗೆ ಹಣದ ಚೀಲ.

ಮೊದಲು ಕಿವಿಗೊಡಿ. ಸೆಲ್ಫ್ ಎಂದಿನ ವೇಗದಲ್ಲಿ, ಒಂದೇ ಲಯದಲ್ಲಿ ತಿರುಗುತ್ತಿದೆಯೆ? ಆಯಾಸದಿಂದ ನರಳಿದಂತೆ ತಿರುಗಿದರೆ ಸಂಶಯ ಬ್ಯಾಟರಿಯ ಕಡೆಗೆ; ಅದಕ್ಕೂ ಮುನ್ನ ಬ್ಯಾಟರಿಯ ತುದಿಗಳಲ್ಲಿ ಕಟ್ಟಿರುವ ಹಸಿರು ಕಿಲುಬಿನ ಕಡೆಗೆ. ೧೨ ವೋಲ್ಟಿನ ಬ್ಯಾಟರಿ ಸೆಲ್ಫ್ ತಿರುಗುವಾಗ ಸುಮಾರು ೧೦ ವೋಲ್ಟಿಗಿಂತ ಕೆಳಕ್ಕೆ ಇಳಿಯಬಾರದು. ಲಯ ಎಡವಿದಂತೆ ಕೇಳಿದರೆ ಯಾವುದೋ ಒಂದು ಸಿಲಿಂಡರಿನಲ್ಲಿ ಗಾಳಿ ಸೋರುತ್ತಿರಬಹುದು. ಎಂದೂ ಇಲ್ಲದಷ್ಟು ಹಗುರವಾಗಿ, ತಡೆಯೇ ಇಲ್ಲದಂತೆ ಸರಸರನೆ ತಿರುಗಿದರೆ, ಕೂಡಲೆ ಕೀಲಿಕೈಯಿಂದ ಕೈ ತೆಗೆಯಿರಿ. ಟೈಮಿಂಗ್ ಬೆಲ್ಟು ಹರಿದಿರುವ ಸಂಭವವುಂಟು. ಮತ್ತೆ ಮತ್ತೆ ತಿರುಗಿಸಿದರೆ ವಾಲ್ವುಗಳೇ ಬಾಗಿಯಾವು.

ಸೆಲ್ಫ್ ಸರಿಯಾಗಿಯೇ ತಿರುಗುತ್ತಿದೆಯೆನ್ನಿ. ಆಗಲೂ ಹತ್ತು ಜನ ಸೇರಿ ಗಾಡಿಯನ್ನು ತಳ್ಳುವುದುಂಟು. ಸೆಲ್ಫ್ ಮಾಡುತ್ತಿರುವ ಕೆಲಸವನ್ನೇ ಜನರೂ ಮಾಡಿದರೆ ಬೆವರಲ್ಲದೆ ಬೇರೇನು ಬಂದೀತು?

ಈಗ ಕಣ್ಣಿನ ಕೆಲಸ. ಒಬ್ಬರು ಕೀಲಿಕೈ ತಿರುಗಿಸಲಿ, ಇನ್ನೊಬ್ಬರು ಹಿಂದೆ ನಿಂತು ಹೊಗೆಯ ಕೊಳವೆಯನ್ನು ನೋಡಲಿ. ಇಡೀ ಪರೀಕ್ಷೆಯಲ್ಲಿ ಇಷ್ಟು ಅಗ್ಗವಾದುದೂ ಇಷ್ಟು ಬೆಲೆಯುಳ್ಳದ್ದೂ ಬೇರೊಂದಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರನ್ನು ಮುಟ್ಟುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲವೆಂದರ್ಥ. ಆಗ ಹೀಟರ್ ಪ್ಲಗ್ಗು, ಗಾಳಿಯ ಅದುಮುವಿಕೆ, ಡೀಸೆಲ್ ಸಿಂಪಡಿಸುವ ವೇಳೆ, ಇವುಗಳನ್ನು ವಿಚಾರಿಸಬೇಕು. ಮೊಳಕಾಲ್ಮೂರಿನಂಥ ಬಿಸಿಲ ಸೀಮೆಯಲ್ಲಿ ಏಪ್ರಿಲ್ ತಿಂಗಳಲ್ಲಿ ಹೀಟರ್ ಪ್ಲಗ್ಗನ್ನೇ ದೂರುವುದು ಅಷ್ಟು ಸರಿಯಲ್ಲ; ಮಾಗಿಯ ಮುಂಜಾವಿನಲ್ಲಾದರೆ ಆ ದೂರಿಗೆ ಅರ್ಥವುಂಟು. ಹೊಗೆಯೇ ಬಾರದಿದ್ದರೆ ಡೀಸೆಲ್ ಒಳಗೆ ಹೋಗುತ್ತಲೇ ಇಲ್ಲ. ಹೀಗೆ ಒಂದೇ ನೋಟದಿಂದ ಅರ್ಧದಷ್ಟು ಆರೋಪಿಗಳು ಬಿಡುಗಡೆಯಾಗುತ್ತಾರೆ. ಹಾಗೆಯೇ ಮುಂದಿನ ಫಲಕವನ್ನೂ ಒಮ್ಮೆ ನೋಡಿ. ಕೀಲಿಕೈಯ ಗುರುತಿನ ದೀಪ ಮಿನುಗುತ್ತಿದ್ದರೆ ಕಳ್ಳತನ ತಡೆಯುವ ಏರ್ಪಾಡೇ ಎಂಜಿನ್ನನ್ನು ತಡೆದಿರಬಹುದು. ಸೆಲ್ಫ್ ತಿರುಗುವಾಗ ಎಂಜಿನ್ನಿನ ವೇಗ ತೋರಿಸುವ ಮುಳ್ಳು ಅಲುಗಾಡದಿದ್ದರೆ, ವೇಗವನ್ನು ಅಳೆದು ಹೇಳುವ ಸೆನ್ಸರಿನ ಮೇಲೆ ಗುಮಾನಿ ಪಡಬೇಕು. ಬಾನೆಟ್ಟಿನಡಿ ಬೆಚ್ಚಗೆ ಮಲಗಲು ಬಂದ ಇಲಿ ತಂತಿ ಕಡಿದಿದೆಯೋ ಎಂಬುದನ್ನೂ ನೋಡತಕ್ಕದ್ದು.

ಹೊಗೆ ಬಾರದ ಗಾಡಿಯ ಬಳಿ ಅನುಭವಸ್ಥನಾದ ಮೆಕ್ಯಾನಿಕ್ಕು ಪಾನಾ ಹಿಡಿಯುವುದಕ್ಕೆ ಮೊದಲು ಬಾಯಿ ತೆರೆಯುತ್ತಾನೆ.

“ನಿನ್ನೆ ಡೀಸೆಲ್ ಎಲ್ಲಿ ಹಾಕ್ಸಿದ್ದಪ್ಪಾ?”

“ಬಂಕಿಗೆ ಹೋಗಕ್ಕೆ ಆಗ್ಲಿಲ್ಲ ಕಣಣ್ಣ. ಮನೇಲಿ ಕ್ಯಾನಿನಾಗೆ ಇತ್ತು, ಅದನ್ನೇ ಹುಯ್ದೆ.”

“ಅದಕ್ಕೆ ಮುಂಚೆ ಗಾಡಿ ಖಾಲಿಯಾಗಿ ನಿಂತಿತ್ತಾ?”

“ಊರು ಬಾಗಿಲಿಗೆ ಬಂದು ನಿಂತೋಯ್ತಣ್ಣ.”

ಅರ್ಧ ರೋಗ ಈ ಮಾತಿನಲ್ಲಿಯೇ ತಿಳಿಯಿತು. ಪೆಟ್ರೋಲ್ ಗಾಡಿ ಖಾಲಿಯಾಗಿ ನಿಂತರೆ ಪೆಟ್ರೋಲ್ ಹಾಕಿದರಾಯಿತು. ಡೀಸೆಲ್ ಗಾಡಿಯಲ್ಲಿ ಬರಿದಾದ ಕೊಳವೆಗಳಿಗೆ ಗಾಳಿ ಹೊಕ್ಕು ಕೂರುತ್ತದೆ. ಡೀಸೆಲಿನಂತಲ್ಲದೆ ಗಾಳಿ ಅದುಮಿದರೆ ಕುಗ್ಗುತ್ತದೆ. ಆದ್ದರಿಂದ ಪಂಪು ಎಷ್ಟು ತಳ್ಳಿದರೂ ಒತ್ತಡ ಏರುವುದಿಲ್ಲ. ಇದನ್ನೇ ಗ್ಯಾರೇಜಿನವರು ಏರ್ ಲಾಕ್ ಎನ್ನುತ್ತಾರೆ. ಕೈಪಂಪಿರುವ ಗಾಡಿಗಳಲ್ಲಿ ಫಿಲ್ಟರಿನ ಮೇಲಿನ ಗಾಳಿ ಬಿಡುವ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಹೊರಬರುವವರೆಗೆ ಕೈಪಂಪನ್ನು ಒತ್ತಿ, ತಿರುಪನ್ನು ಬಿಗಿ ಮಾಡಿದರೆ ಎಷ್ಟೋ ಗಾಡಿಗಳು ಎದ್ದು ನಿಲ್ಲುತ್ತವೆ. ತಗಲುವ ಖರ್ಚು ಕೈಯ ಮಸಿಯಷ್ಟೆ.

ಕ್ಯಾನಿನ ಡೀಸೆಲಿನ ಎರಡನೆಯ ಅಪಾಯ ನೀರು. ಫಿಲ್ಟರಿನ ಅಡಿಯ ತಿರುಪನ್ನು ಬಿಚ್ಚಿ, ಬಂದುದನ್ನು ಗಾಜಿನ ಸೀಸೆಯಲ್ಲಿ ಹಿಡಿದು ಸ್ವಲ್ಪ ಹೊತ್ತು ಇಡಿ. ನೀರು ಡೀಸೆಲಿಗಿಂತ ಭಾರವಾದ್ದರಿಂದ ತಳದಲ್ಲಿ ಬೇರೆಯೇ ಪದರವಾಗಿ ನಿಲ್ಲುತ್ತದೆ. ಆ ಸೀಸೆಯ ಸಾಕ್ಷ್ಯವನ್ನು ಯಾರೂ ಅಲ್ಲಗಳೆಯಲಾರರು. ಬಂಕಿನಲ್ಲಿ ತಪ್ಪಿ ಪೆಟ್ರೋಲ್ ಹಾಕಿದ್ದು ನೆನಪಿಗೆ ಬಂದರಂತೂ ಕೀಲಿಕೈಯನ್ನು ತಿರುಗಿಸಲೇಬಾರದು. ಟ್ಯಾಂಕನ್ನು ಬರಿದು ಮಾಡಿಸುವುದೊಂದೇ ದಾರಿ.

ಇಷ್ಟಾದರೂ ಫಲವಿಲ್ಲವೆ? ಇನ್ನು ಗಾಡಿಯ ವಯಸ್ಸನ್ನು ಕೇಳಬೇಕು. ೧೯೨೭ರಿಂದ ಬಾಷ್ ಕಂಪನಿ ಹೆಚ್ಚು ಸಂಖ್ಯೆಯಲ್ಲಿ ತಯಾರಿಸತೊಡಗಿದ ಪಂಪಿನ ಮಾದರಿಯ ಹಳೆಯ ಎಂಜಿನ್ನುಗಳಲ್ಲಿ ಯಂತ್ರವೇ ಎಲ್ಲವನ್ನೂ ನಡೆಸುತ್ತದೆ. ಅನೇಕ ಹಳೆಯ ಗಾಡಿಗಳ ಪಂಪಿನ ಮೇಲೆ ಡೀಸೆಲ್ ನಿಲ್ಲಿಸುವ ಒಂದು ಸಣ್ಣ ವಿದ್ಯುತ್ ಕವಾಟವಿರುತ್ತದೆ. ಅದಕ್ಕೆ ಹೋಗುವ ತಂತಿಯೊಂದು ಕಳಚಿದರೆ ಇಡೀ ಪಂಪು ಸತ್ತಂತೆ ಕಾಣುತ್ತದೆ. ತಂತಿ ಸಿಕ್ಕಿಸಿದರೆ ಮುಗಿಯುವ ಕೆಲಸಕ್ಕೆ ಪಂಪು ಬಿಚ್ಚಿಸುವುದೇ ಎಮ್ಮೆಗೆ ಎಳೆಯುವ ಬರೆ.

೧೯೯೭ರಲ್ಲಿ ಮೊದಲು ಕಾರುಗಳಿಗೆ ಬಂದು ಈಗ ಪಿಕಪ್ಪುಗಳಲ್ಲಿಯೂ ಸಾಮಾನ್ಯವಾಗಿರುವ ಕಾಮನ್ ರೈಲ್ ಪದ್ಧತಿಯ ರೀತಿಯೇ ಬೇರೆ. ಒಂದೇ ದಪ್ಪ ಕೊಳವೆಯಲ್ಲಿ ಒತ್ತಡದ ಡೀಸೆಲನ್ನು ತುಂಬಿಟ್ಟು ಎಲ್ಲ ನಾಜಲ್‌ಗಳಿಗೂ ಅಲ್ಲಿಂದಲೇ ಹಂಚಲಾಗುತ್ತದೆ. ಸಾಕಷ್ಟು ಒತ್ತಡ ಏರುವವರೆಗೆ ಗಣಕವು ನಾಜಲ್‌ಗಳನ್ನು ತೆರೆಯುವುದೇ ಇಲ್ಲ. ಸ್ಕ್ಯಾನರ್ ಜೋಡಿಸಿ, ಸೆಲ್ಫ್ ತಿರುಗುವಾಗ ಆ ಒತ್ತಡ ಎಷ್ಟೆಂದು ಓದಬೇಕು. ಒತ್ತಡ ಏರದಿದ್ದರೆ ದೋಷ ಪಂಪಿನದೇ ಎಂದು ತಟ್ಟನೆ ಹೇಳಲಾಗದು. ಸವೆದ ಒಂದೇ ಒಂದು ನಾಜಲ್ ಡೀಸೆಲನ್ನೆಲ್ಲ ಹಿಂದಕ್ಕೆ ಸೋರಬಿಟ್ಟರೂ ಒತ್ತಡ ಏರದು. ಪ್ರತಿ ನಾಜಲ್ ಹಿಂದಿರುಗಿಸುವ ಡೀಸೆಲನ್ನು ಬೇರೆ ಬೇರೆ ಸೀಸೆಗಳಲ್ಲಿ ಹಿಡಿದು ಹೋಲಿಸಿದರೆ, ಬೇಗ ತುಂಬಿದ ಸೀಸೆಯೇ ತಪ್ಪಿತಸ್ಥನನ್ನು ತೋರಿಸಿಕೊಡುತ್ತದೆ. ನಾಲ್ಕು ಬದಲಾಯಿಸುವ ಕಡೆ ಒಂದರಲ್ಲಿ ಕೆಲಸವಾದೀತು.

ಇಲ್ಲಿ ಮೂರು ಎಚ್ಚರಿಕೆಗಳನ್ನು ಹೇಳದೆ ಬಿಡುವಂತಿಲ್ಲ. ಒಂದು, ಕಾಮನ್ ರೈಲ್ ಗಾಡಿಯ ಒತ್ತಡದ ಕೊಳವೆಗಳನ್ನು ಸೆಲ್ಫ್ ತಿರುಗುವಾಗ ಯಾವ ಕಾರಣಕ್ಕೂ ಸಡಿಲಿಸಬಾರದು. ಎಂಜಿನ್ನು ಓಡುವಾಗ ಅಲ್ಲಿಯ ಒತ್ತಡ ವಾತಾವರಣದ ಒತ್ತಡದ ಸಾವಿರ ಪಟ್ಟನ್ನೂ ಮೀರಬಲ್ಲದು. ಚಿಮ್ಮಿದ ಡೀಸೆಲ್ ಸೂಜಿಯಂತೆ ಚರ್ಮವನ್ನು ತೂರಿ ಒಳಹೊಗುತ್ತದೆ. ಗಾಯ ಸಣ್ಣದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಇಲ್ಲವಾದರೆ ಬೆರಳೇ ಹೋದೀತು. ಎರಡು, ಹೀಟರ್ ಪ್ಲಗ್ಗಿರುವ ಎಂಜಿನ್ನಿಗೆ ಗಾಳಿಯ ದಾರಿಯಲ್ಲಿ ಈಥರ್ ಸಿಂಪಡಿಸಬಾರದು. ಅದು ಹೊತ್ತಬಾರದ ಹೊತ್ತಿನಲ್ಲಿ ಹೊತ್ತಿ ಪಿಸ್ಟನ್ನನ್ನೇ ಒಡೆದೀತು. ಮೂರು, ಸೆಲ್ಫನ್ನು ಒಮ್ಮೆಗೆ ೧೦-೧೫ ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ನಡುನಡುವೆ ಅದಕ್ಕೆ ವಿಶ್ರಾಂತಿ ಕೊಡಿ. ಹಟ ಹಿಡಿದು ತಿರುಗಿಸಿದರೆ ಒಂದು ರೋಗವಿದ್ದ ಗಾಡಿಗೆ ಎರಡು ರೋಗವಾಗುತ್ತದೆ.

ವೈದ್ಯರ ಮುಂದೆ ಕುಳಿತಾಗ ನಾವು ಔಷಧದ ಹೆಸರನ್ನು ಹೇಳುವುದಿಲ್ಲ, ಲಕ್ಷಣವನ್ನು ಹೇಳುತ್ತೇವೆ. ಗ್ಯಾರೇಜಿಗೆ ಫೋನು ಮಾಡುವಾಗಲೂ ಹಾಗೆಯೇ ಆಗಲಿ. “ಪಂಪು ಬದಲಾಯಿಸಬೇಕು, ಬನ್ನಿ” ಎನ್ನುವ ಬದಲು, ಸೆಲ್ಫ್ ಹೇಗೆ ತಿರುಗುತ್ತಿದೆ, ಹೊಗೆ ಯಾವ ಬಣ್ಣದ್ದು, ಡೀಸೆಲ್ ಎಲ್ಲಿಂದ ಬಂದದ್ದು, ಯಾವ ದೀಪ ಉರಿಯುತ್ತಿದೆ, ಈ ನಾಲ್ಕು ಸಂಗತಿಗಳನ್ನು ತಿಳಿಸಿ. ಯಾವ ಭಾಗವನ್ನಾದರೂ ಬದಲಾಯಿಸುವ ಮುನ್ನ ಅದು ಕೆಟ್ಟಿದೆಯೆಂದು ತೋರಿಸಿಕೊಟ್ಟ ಪರೀಕ್ಷೆ ಯಾವುದೆಂದು ವಿನಯದಿಂದಲೇ ಕೇಳಿ. ಒಳ್ಳೆಯ ಮೆಕ್ಯಾನಿಕ್ಕು ಈ ಪ್ರಶ್ನೆಗೆ ಸಿಡುಕುವುದಿಲ್ಲ. ಸೀಸೆಯನ್ನೋ ಮೀಟರನ್ನೋ ನಿಮ್ಮ ಕಣ್ಣ ಮುಂದೆ ಹಿಡಿಯುತ್ತಾನೆ. ಅಂಥವನು ಸಿಕ್ಕರೆ ಅವನ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ನಿಮ್ಮ ಹಣ ಉಳಿಯುವುದು ಅವನು ಹಾಕದೆ ಬಿಟ್ಟ ಭಾಗಗಳಲ್ಲಿ.