ಎದುರಾಳಿಯ ಬಲವೆಲ್ಲಿದೆ?

ವ್ಯಾಪಾರದಲ್ಲಿ ಮುಂದೆ ಬರಬೇಕೆನ್ನುವ ತರುಣರಿಗೆ ಆಟಗಾರರ ಉದಾಹರಣೆ ಕೊಟ್ಟು ಬುದ್ಧಿ ಹೇಳುವುದು ಈಗ ಒಂದು ವಾಡಿಕೆಯಾಗಿದೆ. ಛಲವಿರಬೇಕು, ಶಿಸ್ತಿರಬೇಕು, ಸೋಲಿಗೆ ಅಂಜಬಾರದು ಎಂಬ ಮಾತುಗಳನ್ನು ಕೇಳದವರಿಲ್ಲ. ಮಾತುಗಳೇನೋ ನಿಜ. ಆದರೆ ಸೋತವನಲ್ಲಿಯೂ ಛಲ, ಶಿಸ್ತುಗಳು ಇದ್ದೇ ಇರುತ್ತವೆಯಲ್ಲವೆ? ಅಂತಿಮ ಪಂದ್ಯದವರೆಗೆ ಬಂದ ಇಬ್ಬರಲ್ಲಿ ಸೋಮಾರಿ ಯಾವನೂ ಇರಲಾರ. ಆದುದರಿಂದ ಗೆಲುವಿನ ಗುಟ್ಟನ್ನು ಬೇರೆಡೆಯಲ್ಲಿ ಅರಸಬೇಕು. ಅದಕ್ಕಾಗಿ ಬೆಂಗಳೂರಿನ ಮಲ್ಲೇಶ್ವರದಿಂದ ಹೊರಟರೆ ಸಾಕು.

ಅಲ್ಲಿಯ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ ಮದುವೆಗಳು ನಡೆಯುತ್ತಿದ್ದವು. ಮದುವೆಯಿಲ್ಲದ ದಿನಗಳಲ್ಲಿ ಬ್ಯಾಡ್ಮಿಂಟನ್ ಆಟ ನಡೆಯುತ್ತಿತ್ತು. 1955ರಲ್ಲಿ ಜನಿಸಿದ ಪ್ರಕಾಶ್ ಪಡುಕೋಣೆಯವರು ಆಟ ಕಲಿತದ್ದು ಅಲ್ಲಿಯೇ. ಲಗ್ನದ ಹಂಗಾಮು ಬಂದರೆ ಅಭ್ಯಾಸಕ್ಕೆ ರಜೆ! 1971ರಲ್ಲಿ, ಹದಿನಾರರ ಹರೆಯದಲ್ಲಿ, ಅವರು ಕಿರಿಯರ ಮತ್ತು ಹಿರಿಯರ ರಾಷ್ಟ್ರೀಯ ಪ್ರಶಸ್ತಿಗಳೆರಡನ್ನೂ ಗೆದ್ದರು. ಹಿರಿಯರ ಪ್ರಶಸ್ತಿಯಂತೂ ಒಂಬತ್ತು ಸಲ ಸತತವಾಗಿ ಅವರದಾಯಿತು.

1980ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಆಲ್ ಇಂಗ್ಲೆಂಡ್ ಪಂದ್ಯಾವಳಿಯ ಅಂತಿಮ ಸುತ್ತಿಗೆ ಅವರು ಬಂದಾಗ ಎದುರಿಗಿದ್ದವರು ಇಂಡೊನೇಷ್ಯದ ಲೀಮ್ ಸ್ವೀ ಕಿಂಗ್. 1978ರಲ್ಲಿಯೂ 1979ರಲ್ಲಿಯೂ ಪ್ರಶಸ್ತಿ ಕಿಂಗ್ ಅವರದೇ. ಗಾಳಿಯಲ್ಲಿ ನೆಗೆದು ಮೇಲಿನಿಂದ ಬಡಿಯುವ ಅವರ ಹೊಡೆತಕ್ಕೆ ಆಟಗಾರರ ಲೋಕವೇ ಬೆದರುತ್ತಿತ್ತು. ಆ ಹೊಡೆತಕ್ಕೆ ಪ್ರತಿಹೊಡೆತ ಕೊಡುವ ಹಟಕ್ಕೆ ಪ್ರಕಾಶ್ ಬೀಳಲಿಲ್ಲ. ಷಟಲನ್ನು ಒಮ್ಮೆ ನೆಟ್ಟಿನ ಬಳಿ ಮೆಲ್ಲನೆ ಇಳಿಬಿಡುವುದು, ಒಮ್ಮೆ ಅಂಕಣದ ಹಿಂಗೆರೆಗೆ ಎತ್ತಿ ಕಳುಹಿಸುವುದು, ಮಧ್ಯೆ ಅರ್ಧ ಬಲದ ಹೊಡೆತವೊಂದನ್ನು ಹಾಕುವುದು—ಹೀಗೆ ಆಟದ ವೇಗವನ್ನೇ ತಗ್ಗಿಸಿಬಿಟ್ಟರು. ನೆಗೆಯುವವನಿಗೆ ನೆಗೆಯುವ ಸಂದರ್ಭವೇ ಅಪರೂಪವಾಯಿತು. 15–3, 15–10. ಕಿಂಗ್ ಅವರ ಬಲ ಆ ದಿನ ಕುಂದಿತ್ತೆನ್ನುವುದಕ್ಕಿಂತ, ಅದಕ್ಕೆ ಕೆಲಸವೇ ದೊರೆಯಲಿಲ್ಲವೆನ್ನುವುದು ಸರಿ.

ಇದೇ ಬಗೆಯ ಪಂದ್ಯವೊಂದು ನಮ್ಮವರ ಮಣಿಕಟ್ಟಿನ ಮೇಲೆಯೇ ನಡೆದುಹೋಯಿತು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಆರಂಭವಾಯಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಕೀ ಕೊಡುವ ಆ ‘ಜನತಾ’, ‘ಪೈಲಟ್’ ಗಡಿಯಾರಗಳು ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ, ಮದುವೆಯಲ್ಲಿ ಅಳಿಯನಿಗೆ ಸಲ್ಲುವ ಮರ್ಯಾದೆಯ ವಸ್ತುಗಳಾದವು. ಗಟ್ಟಿತನ, ಕೈಗೆಟಕುವ ಬೆಲೆ, ಸರ್ಕಾರದ ಹೆಸರು—ಈ ಮೂರರಲ್ಲಿ ಅದನ್ನು ಮಣಿಸುವುದು ಯಾರಿಗೂ ಸುಲಭವಾಗಿರಲಿಲ್ಲ.

1984ರಲ್ಲಿ ಟಾಟಾ ಸಂಸ್ಥೆಯೂ ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮವೂ ಕೂಡಿ ಕಟ್ಟಿದ ಟೈಟನ್, ಹೊಸೂರಿನ ತನ್ನ ಕಾರ್ಖಾನೆಯಿಂದ ಮಾಡಿದ್ದಾದರೂ ಏನು? ಗಟ್ಟಿತನದ ಪಂದ್ಯಕ್ಕೆ ಅದು ಇಳಿಯಲೇ ಇಲ್ಲ. ಕೀ ಬೇಡದ, ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಸ್ ಗಡಿಯಾರವನ್ನು ನಚ್ಚಿ, ಅದನ್ನು ಒಡವೆಯಂತೆ ತೆಳ್ಳಗೆ, ಅಂದವಾಗಿ ಮಾಡಿ, ಒಡವೆಯಂಗಡಿಯಂಥ ಮಳಿಗೆಗಳಲ್ಲಿ ಗಾಜಿನಡಿ ಇರಿಸಿತು. ಒಂದು ಗಡಿಯಾರ ಆಯುಷ್ಯಕ್ಕೆಲ್ಲ ಸಾಕೆನ್ನುತ್ತಿದ್ದವರು ಸೀರೆಗೊಪ್ಪುವ ಎರಡನೆಯದನ್ನು ಕೇಳತೊಡಗಿದರು. ಎಚ್.ಎಂ.ಟಿ. ಕ್ವಾರ್ಟ್ಸನ್ನು ಅರಿಯದೆ ಇರಲಿಲ್ಲ. ಟೈಟನ್ನಿಗಿಂತ ಮೊದಲೇ ಅದನ್ನು ತಯಾರಿಸಿಯೂ ಇತ್ತು. ಮನಸ್ಸು ಮಾತ್ರ ಕೀ ಕೊಡುವ ಗಡಿಯಾರದಲ್ಲಿಯೇ ನೆಟ್ಟಿತ್ತು. ತನ್ನ ಅತ್ಯುತ್ತಮ ಹೊಡೆತದ ಮೇಲಿನ ಮೋಹವನ್ನು ಬಿಡುವುದು ಕೆಟ್ಟ ಚಟವನ್ನು ಬಿಡುವುದಕ್ಕಿಂತಲೂ ಕಷ್ಟ.

ಸಣ್ಣ ಮಟ್ಟದಲ್ಲಿಯೂ ಇದನ್ನು ನಿತ್ಯ ಕಾಣಬಹುದು. ಬೀದಿಯ ಕೊನೆಯ ದಿನಸಿ ಅಂಗಡಿಯವನು ಹೊಸದಾಗಿ ಬಂದ ದೊಡ್ಡ ಮಳಿಗೆಯೊಡನೆ ಬೆಲೆಯಿಳಿಸುವ ಜಿದ್ದಿಗೆ ಬಿದ್ದನೆಂದರೆ ಅವನು ಕಿಂಗ್ ಅವರೊಡನೆ ನೆಗೆದು ಹೊಡೆಯಲು ಹೊರಟಂತೆಯೇ. ಯಾರ ಮನೆಗೆ ಹಳೆಯ ಅಕ್ಕಿ ಬೇಕು, ಯಾರಿಗೆ ತಿಂಗಳ ಮೊದಲ ವಾರದವರೆಗೆ ಸಾಲ ಕೊಡಬಹುದು, ಯಾವ ಅಜ್ಜಿಗೆ ಸಾಮಾನನ್ನು ಹುಡುಗನ ಕೈಲಿ ಕಳುಹಿಸಬೇಕು—ಇವು ಮಳಿಗೆಗೆ ತಿಳಿಯದ ವಿಷಯಗಳು. ಅವನ ಅಂಕಣ ಅದು.

ಆದರೆ ಈ ಕಥೆಯ ಉತ್ತರಾರ್ಧವನ್ನು ಬುದ್ಧಿ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. 1981ರಲ್ಲಿ ಅದೇ ಪಂದ್ಯಾವಳಿಯ ಅಂತಿಮ ಸುತ್ತಿನಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ಮೊದಲ ಆಟವನ್ನು ಪ್ರಕಾಶ್ 15–11ರಿಂದ ಗೆದ್ದರು. ಉಳಿದೆರಡನ್ನು ಕಿಂಗ್ 15–4, 15–6ರಿಂದ ಗೆದ್ದು ಪ್ರಶಸ್ತಿಯನ್ನು ಮರಳಿ ಪಡೆದರು. ಹಿಂದಿನ ವರ್ಷ ಪಾಠ ಕಲಿತವರು ಗೆದ್ದವರ ಅಭಿಮಾನಿಗಳಷ್ಟೇ ಅಲ್ಲ, ಸೋತವರೂ ಹೌದು! ಟೈಟನ್ ಕೂಡ ಗಡಿಯಾರವೊಂದನ್ನೇ ನೆಚ್ಚಿ ಕುಳಿತಿರಲಿಲ್ಲ. 1990ರ ದಶಕದಲ್ಲಿಯೇ ‘ತನಿಷ್ಕ್’ ಹೆಸರಿನಲ್ಲಿ ಚಿನ್ನದೊಡವೆಗೆ ಕೈಹಾಕಿತು. ಇಂದು ಅದರ ವ್ಯಾಪಾರದ ಬಹುಪಾಲು ಒಡವೆಯದೇ.

ಆಟವನ್ನೂ ವ್ಯಾಪಾರವನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಇನ್ನೊಂದನ್ನು ಗಮನಿಸಬೇಕು. ಸೋತ ಪ್ರಕಾಶರಿಗೆ ಅದೇ 1981ರಲ್ಲಿ ಕ್ವಾಲಾಲಂಪುರದ ವಿಶ್ವಕಪ್ ಇತ್ತು; ಅಲ್ಲಿ ಚೀನದ ಹಾನ್ ಜಿಯಾನರನ್ನು ಸೋಲಿಸಿದರು. ಎಚ್.ಎಂ.ಟಿ. ಗಡಿಯಾರ ಸಂಸ್ಥೆಗೆ ಬಂದದ್ದು 2016ರ ಜನವರಿ. ಅದನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆಯಿತ್ತಿತು. ಆ ಸಂಬಳದಿಂದ ಮಕ್ಕಳನ್ನು ಓದಿಸಿ, ಮನೆ ಕಟ್ಟಿಸಿಕೊಂಡಿದ್ದ ಕುಟುಂಬಗಳು ಜಾಲಹಳ್ಳಿಯ ಸುತ್ತಮುತ್ತ ಎಷ್ಟೋ ಇದ್ದವು. ಯಾವ ಗಡಿಯಾರವನ್ನು ಮಾಡಬೇಕೆಂದು ಅವರನ್ನು ಯಾರೂ ಕೇಳಿರಲಿಲ್ಲ.