ಹಳೆಯ ಗಾಡಿಯ ತಳಿಗುಣ



ಕಳೆದ ತಿಂಗಳ ಬಳಗದ ಸಭೆಯ ಕಾರ್ಯಸೂಚಿಯಲ್ಲಿ ಕೊನೆಯ ವಿಷಯವಾಗಿ ‘ವ್ಯಾನು’ ಎಂಬ ಒಂದೇ ಪದವಿತ್ತು. ನಾಟಿ ಬೀಜಗಳ ವಿನಿಮಯ, ಸಸಿಮಡಿಯ ಲೆಕ್ಕಪತ್ರ, ಮಳೆಗಾಲದ ತಿರುಗಾಟ ಇವೆಲ್ಲ ಮುಕ್ಕಾಲು ಗಂಟೆಯಲ್ಲಿ ಮುಗಿದವು. ಆ ಒಂದು ಪದಕ್ಕೆ ಮಾತ್ರ ಎರಡು ಗಂಟೆ ಸಾಲಲಿಲ್ಲ. ದನಿ ಏರಿತು, ಒಬ್ಬಿಬ್ಬರ ಕಣ್ಣೂ ತೇವವಾದವು. ಪಶ್ಚಿಮಘಟ್ಟದ ಕುರಿತು ಇಷ್ಟು ವರ್ಷ ಚರ್ಚಿಸಿದ ನಾವು ಯಾವ ಹೊಳೆಗೂ ಯಾವ ಕಾಡಿಗೂ ಇಷ್ಟು ಭಾವುಕರಾದದ್ದನ್ನು ನಾನು ಕಂಡಿರಲಿಲ್ಲ. ಆದುದರಿಂದ ಈ ಸಂಚಿಕೆಯ ಸಂಪಾದಕೀಯವನ್ನು ಆ ಗಾಡಿಗೇ ಮೀಸಲಿಡುತ್ತಿದ್ದೇನೆ.

ಬಳಗದ ಮೆಟಾಡೋರು 1997ರದು. ನಾವು ಕೊಂಡಾಗಲೇ ಅದು ಇಬ್ಬರು ಯಜಮಾನರನ್ನು ಕಂಡಿತ್ತು. ಈಗ ಶಹಾಪುರದ ಒಂದು ಗಲ್ಲಿಯಲ್ಲಿ, ವಿದ್ಯುತ್ ಮಗ್ಗಗಳ ಸದ್ದಿನ ನಡುವೆ, ಮಿಸ್ತ್ರಿಯೊಬ್ಬರ ತಗಡಿನ ಚಪ್ಪರದ ಕೆಳಗೆ ನಿಂತಿದೆ. ನೋಂದಣಿಯ ಅವಧಿ ಮುಗಿಯುತ್ತ ಬಂದಿದೆ. ಹದಿನೈದು ವರ್ಷ ಮೀರಿದ ಲಘು ವಾಹನದ ಮರುನೋಂದಣಿಗೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ಮೀರಿದವಕ್ಕೆ 10,000ಕ್ಕೆ ಏರಿತು. ಕಟ್ಟಿ ಉಳಿಸಿಕೊಳ್ಳುವುದೇ, ಗುಜರಿಗೆ ಕೊಡುವುದೇ ಎಂಬುದು ಸಭೆಯ ಪ್ರಶ್ನೆಯಾಗಿತ್ತು.

ಸಭೆಯಲ್ಲಿ ಮೂರನೆಯ ದಾರಿಯೊಂದನ್ನು ತೋರಿಸಿದವರೂ ಇದ್ದರು. ತರುಣ ಸದಸ್ಯರೊಬ್ಬರು ಮೊಬೈಲಿನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ‘ಐಡಿ ಬಜ್’ ಎಂಬ ವಿದ್ಯುತ್ ವ್ಯಾನಿನ ಚಿತ್ರ ತೋರಿಸಿ, ಹಳೆಯ ಸೊಗಸೂ ಉಂಟು, ಹೊಗೆಯೂ ಇಲ್ಲ, ಕಾಲಾನಂತರ ನಮ್ಮಲ್ಲಿಗೂ ಇಂಥದು ಬರಲಿದೆ, ಅಲ್ಲಿಯವರೆಗೆ ಥಾರ್ ಕೊಳ್ಳೋಣ ಎಂದರು. ನಗಲಾಗದ ಮಾತದು. ಜಗತ್ತಿನ ಬಹುಪಾಲು ಜನ ಇಂದು ಹಾಗೆಯೇ ಯೋಚಿಸುತ್ತಿದ್ದಾರೆ.

ಫೋಕ್ಸ್‌ವ್ಯಾಗನ್‌ನ ಮೊದಲ ವ್ಯಾನು 1950ರಲ್ಲಿ ಯುದ್ಧದಿಂದ ಜರ್ಜರಿತವಾಗಿದ್ದ ಜರ್ಮನಿಯ ಕಾರ್ಖಾನೆಯಿಂದ ಹೊರಬಂತು. ಬೇಕರಿಯವನ ರೊಟ್ಟಿಯನ್ನೂ ಬಡಗಿಯ ಹಲಗೆಯನ್ನೂ ಹೊರಲು ಹುಟ್ಟಿದ ಅಗ್ಗದ ಗಾಡಿ ಅದು. ಮುಂದೆ ಅಮೆರಿಕದ ಹಿಪ್ಪಿಗಳು ಅದಕ್ಕೆ ಹೂವಿನ ಚಿತ್ರ ಬಳಿದು ಸ್ವಾತಂತ್ರ್ಯದ ಲಾಂಛನವಾಗಿಸಿದರು. ಬ್ರೆಜಿಲ್ ದೇಶದಲ್ಲಿ 2013ರ ಡಿಸೆಂಬರ್‌ವರೆಗೂ ಅದರ ತಯಾರಿಕೆ ನಡೆದಿತ್ತು. 2022ರಲ್ಲಿ ಬಂದ ವಿದ್ಯುತ್ ಅವತಾರಕ್ಕೆ ಅದೇ ಇಬ್ಬಣ್ಣದ ಮೈ, ಅದೇ ದುಂಡು ಮೂಗು. ತೂಕ ಮಾತ್ರ ಸುಮಾರು ಒಂದು ಟನ್ನಿದ್ದದ್ದು ಎರಡೂವರೆ ಟನ್ನಿನ ಸಮೀಪಕ್ಕೆ ಬಂದಿದೆ, ಬೆಲೆ ಬಡಗಿಯ ಕೈಗೆ ಎಟುಕುವಂತಿಲ್ಲ.

ನಮ್ಮ ಮೆಟಾಡೋರಿನ ವಂಶವೂ ಜರ್ಮನಿಯದೇ. ಹ್ಯಾಂಬರ್ಗಿನ ಟೆಂಪೋ ಕಂಪನಿಯ ವಿನ್ಯಾಸವನ್ನು ಪುಣೆಯ ಬಜಾಜ್ ಟೆಂಪೋದವರು ಇಲ್ಲಿ ತಯಾರಿಸಿದರು. ಆ ಕಂಪನಿಗೆ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂಬ ಹೆಸರು ಬಂತಾದರೂ ‘ಟೆಂಪೋ’ ಎಂಬುದು ನಮ್ಮ ಭಾಷೆಗಳಲ್ಲಿ ಸಾಮಾನ್ಯ ನಾಮವಾಗಿ ನೆಲೆಸಿಬಿಟ್ಟಿತ್ತು. ಎಳೆತವೆಲ್ಲ ಮುಂದಿನ ಗಾಲಿಗಳಿಗಿದ್ದುದರಿಂದ ಹಿಂಭಾಗದ ನೆಲ ತಗ್ಗು; ಅಜ್ಜಿಯಂದಿರೂ ಯಾರ ಕೈ ಹಿಡಿಯದೆ ಹತ್ತಬಹುದಾಗಿತ್ತು. ಜಾಂಬೋಟಿ, ಕಣಕುಂಬಿ ಕಡೆಯ ಗೆಣಸಿನ ಚೀಲ, ಖವಾದ ಡಬ್ಬಿ, ಮದುವೆಯ ದಿಬ್ಬಣ, ಹೆರಿಗೆ ನೋವಿನ ಹೆಂಗಸು ಎಲ್ಲರೂ ಅದರಲ್ಲೇ ಬೆಳಗಾವಿ ತಲುಪಿದರು. ರಾಜ್ಯದಲ್ಲಿ 108ರ ಆಂಬುಲೆನ್ಸ್ ಆರಂಭವಾದದ್ದು 2008ರಲ್ಲಿ. ಅದಕ್ಕೆ ಮುಂಚೆ ಘಟ್ಟದ ಊರುಗಳ ಆಂಬುಲೆನ್ಸ್ ಎಂದರೆ ಯಾರದೋ ಜೀಪು, ಯಾರದೋ ಮೆಟಾಡೋರು, ಇಲ್ಲವೆ ವಡಾಪ್ ಗಾಡಿ. ಬಾಲ್ಯದಲ್ಲಿ ಅಂಥದೊಂದು ಗಾಡಿಯ ಹಿಂಬದಿಯಲ್ಲಿ ಭತ್ತದ ಮೂಟೆಯ ಮೇಲೆ ಮಲಗಿ ಶಹಾಪುರದ ಪೇಟೆಗೆ ಬಂದವನು ನಾನು. ಡೀಸೆಲ್ ವಾಸನೆಯಿಂದ ಇಂದಿಗೂ ನನಗೆ ಆ ಪಯಣದ ನೆನಪಾಗುತ್ತದೆ. ಆದುದರಿಂದ ಮುಂದೆ ಹೇಳುವ ಮಾತನ್ನು ಹೊರಗಿನವನ ಟೀಕೆಯೆಂದು ತಿಳಿಯಬಾರದು.

ತಳಿ ಅಭಿವೃದ್ಧಿ ನನ್ನ ವೃತ್ತಿ. ಅದರಲ್ಲಿ ‘ಹಿಮ್ಮುಖ ಸಂಕರ’ ಎಂಬ ವಿಧಾನವೊಂದಿದೆ. ರೈತರು ಒಪ್ಪಿದ ಹಳೆಯ ತಳಿಗೆ ಬೇಕಾದ ಒಂದೇ ಗುಣವನ್ನು ಬೇರೊಂದು ತಳಿಯಿಂದ ತಂದು, ಮತ್ತೆ ಮತ್ತೆ ಹಳೆಯ ತಳಿಯೊಡನೆಯೇ ಸಂಕರಿಸುತ್ತ, ಆ ಒಂದು ಗುಣದ ಹೊರತು ಉಳಿದದ್ದೆಲ್ಲ ಮೊದಲಿನಂತೆ ಇರುವ ಹಾಗೆ ನೋಡಿಕೊಳ್ಳುತ್ತೇವೆ. 2009ರಲ್ಲಿ ಬಿಡುಗಡೆಯಾದ ‘ಸ್ವರ್ಣ ಸಬ್-1’ ಭತ್ತ ಹಾಗೆ ಬಂದದ್ದು: ರುಚಿ, ಇಳುವರಿ, ಕಾಳಿನ ಆಕಾರ ಎಲ್ಲ ಸ್ವರ್ಣದ್ದೇ, ನೆರೆಯಲ್ಲಿ ಎರಡು ವಾರದಷ್ಟು ಮುಳುಗಿದರೂ ಬದುಕುವ ಒಂದು ಗುಣ ಮಾತ್ರ ಒಡಿಶಾದ ಹಳೆಯ ಭತ್ತದಿಂದ ಬಂದದ್ದು. ಪ್ರತಿ ಮಳೆಗಾಲ ಬಳ್ಳಾರಿ ನಾಲೆಯ ನೀರು ಶಹಾಪುರದ ಶಿವಾರಕ್ಕೆ ನುಗ್ಗಿದಾಗ ಈ ಗುಣದ ಬೆಲೆ ಏನೆಂದು ತಿಳಿಯುತ್ತದೆ.

ಇಂದಿನ ‘ರೆಟ್ರೊ’ ವಾಹನಗಳದು ಇದಕ್ಕೆ ತದ್ವಿರುದ್ಧವಾದ ವಿಧಾನ. ಹಳೆಯದರಿಂದ ತೆಗೆದುಕೊಂಡದ್ದು ಹೊರ ಚರ್ಯೆಯೊಂದನ್ನೇ. ಒಳಗಿನ ತಳಿಗುಣವೆಲ್ಲ ಬೇರೆ. ನಾನು ಎಂಜಿನ್ನಿನ ಮಾತನಾಡುತ್ತಿಲ್ಲ, ಅದು ಬದಲಾಗಲೇಬೇಕು. ಹಳೆಯ ಗಾಡಿಯ ನಿಜವಾದ ತಳಿಗುಣಗಳು ಅಗ್ಗ, ಹಗುರ, ಹತ್ತು ಜನರ ಬಳಕೆ, ಊರ ಮಿಸ್ತ್ರಿಯ ಕೈಯಲ್ಲೇ ರಿಪೇರಿ ಎಂಬ ನಾಲ್ಕು. ನಾಲ್ಕೂ ಹೋಗಿ ದುಂಡು ದೀಪ ಮಾತ್ರ ಉಳಿದರೆ ಅದನ್ನು ಯಾವುದರ ಪುನರುಜ್ಜೀವನ ಎನ್ನೋಣ?

ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಮೋಟಾರ್ ಸೈಕಲ್ಲುಗಳು ತಯಾರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮರಳಿ ಬಂದಾಗ ಎಷ್ಟೋ ಜನ ಸಂಭ್ರಮಿಸಿದರು. ಬಂಡಿಗಳು ಬಂದದ್ದು ಮಾತ್ರ ಮಧ್ಯಪ್ರದೇಶದ ಪೀತಂಪುರದಿಂದ. ಅದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಯಾದವಗಿರಿಯ ಕಾರ್ಖಾನೆಯ ಸೈರನ್ನಿಗೆ ಗಡಿಯಾರ ಹೊಂದಿಸಿಕೊಂಡ ಕುಟುಂಬಗಳಿಗೆ ಮರಳಿದ್ದು ಹೆಸರಷ್ಟೇ. ಬೆಳಗಾವಿ ಬಾಸುಮತಿಯ ಕತೆಯೂ ಇದೇ ದಾರಿಯಲ್ಲಿ ನಡೆದಿದೆ. ಶಹಾಪುರ, ವಡಗಾವಿ, ಮಜಗಾವಿ, ಯಳ್ಳೂರಿನ ಕಪ್ಪು ಮಣ್ಣಿನಲ್ಲಿ ಬೆಳೆದ ಆ ಅಕ್ಕಿಯ ಪರಿಮಳವನ್ನು ಎಲ್ಲರೂ ಹಾಡಿ ಹೊಗಳುತ್ತಾರೆ; ಗದ್ದೆಗಳು ನಿವೇಶನಗಳಾಗುತ್ತಿವೆ, ಹಲಗಾ-ಮಚ್ಛೆ ಬೈಪಾಸಿಗೆ ಭೂಮಿ ಕೊಡಲಾರೆವೆಂದು ರೈತರು ವರ್ಷಗಟ್ಟಲೆ ಹೋರಾಡಿದ್ದಾರೆ. ಗಾಡಿಗಳು ಹೆಚ್ಚಿದಷ್ಟೂ ಬೈಪಾಸುಗಳು ಬೇಕಾಗುತ್ತವೆ ಎಂಬುದನ್ನು ಗಾಡಿ ಕೊಳ್ಳುವ ಸಭೆಯಲ್ಲಿ ಯಾರೂ ನೆನಪಿಸುವುದಿಲ್ಲ. ನಮ್ಮ ಸಭೆಯಲ್ಲಿಯೂ ನೆನಪಿಸಲಿಲ್ಲ.

ಹಾಗಾದರೆ ಹಳೆಯದನ್ನೇ ಓಡಿಸೋಣವೆ? ಇಲ್ಲಿ ನನ್ನ ಹಳಹಳಿಕೆಯನ್ನು ನಾನೇ ಹತ್ತಿಕ್ಕಬೇಕಾಗಿದೆ. 1997ರ ಡೀಸೆಲ್ ಎಂಜಿನ್ನು ಭಾರತದಲ್ಲಿ ಇಂದಿನ ಹಂತ ಹಂತದ ಮಾಲಿನ್ಯ ಮಾನಕಗಳು ಆರಂಭವಾಗುವುದಕ್ಕೂ ಹಿಂದಿನದು. 2000ದ ಮೊದಲ ಮಾನಕದಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 0.14 ಗ್ರಾಂ ಮಸಿಕಣ ಉಗುಳಬಹುದಾಗಿತ್ತು. 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಬಿಎಸ್-6ರಲ್ಲಿ ಆ ಮಿತಿ 0.0045 ಗ್ರಾಂ, ಅಂದರೆ ಸುಮಾರು ಮೂವತ್ತರಲ್ಲಿ ಒಂದು ಪಾಲು. ನಮ್ಮ ಮೆಟಾಡೋರು ಆ ಮೊದಲ ಮಿತಿಯೊಳಗೂ ಇದ್ದೀತೆಂದು ನಾನು ಹೇಳಲಾರೆ. ಚೋರ್ಲಾ ಘಟ್ಟ ಏರುವಾಗ ಅದರ ಹಿಂದೆ ಸೈಕಲ್ ತುಳಿದವರು ಹೇಳಲಿ. ಹವಾಮಾನದ ಬಗ್ಗೆ ಭಾಷಣ ಮಾಡಲು ಹೋಗುವ ಬಳಗ ಆ ಕಪ್ಪು ಹೊಗೆಯ ಬಾಲವನ್ನು ಎಳೆದುಕೊಂಡು ಹೋಗುವುದು ನಾಚಿಕೆಯ ಸಂಗತಿ.

ಪ್ರದರ್ಶನಕ್ಕೆ ಇಡೋಣ ಎಂದವರಿಗೂ ಒಂದು ಮಾತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಪುರಾತನ ವಾಹನಗಳ ನೋಂದಣಿಗೆ ನಿಯಮ ಮಾಡಿತು. ಐವತ್ತು ವರ್ಷ ಮೀರಿ, ಮೂಲ ರೂಪದಲ್ಲೇ ಉಳಿದಿದ್ದರೆ ‘ವಿಎ’ ಅಕ್ಷರದ ಸಂಖ್ಯೆಫಲಕ ದೊರೆಯುತ್ತದೆ. ದಿನಬಳಕೆಗಾಗಲಿ ವ್ಯಾಪಾರಕ್ಕಾಗಲಿ ಅದನ್ನು ಓಡಿಸುವಂತಿಲ್ಲ. ದುಡಿಯದ ಗಾಡಿಗೆ ಈ ಗೌರವ. ದುಡಿದು ಸವೆದದ್ದಕ್ಕೆ ಏರುವ ಶುಲ್ಕ. ನಮ್ಮದಕ್ಕೆ ಐವತ್ತು ತುಂಬುವುದು 2047ಕ್ಕೆ. ಅಷ್ಟರವರೆಗೆ ಚಪ್ಪರದ ಬಾಡಿಗೆ ಕಟ್ಟುವವರು ಯಾರು?

ಹಳೆಯ ದೇಹಕ್ಕೆ ವಿದ್ಯುತ್ ಮೋಟಾರು ಜೋಡಿಸುವುದು ಹಿಮ್ಮುಖ ಸಂಕರಕ್ಕೆ ನಿಜವಾಗಿ ಹತ್ತಿರವಾದ ದಾರಿ. ಕಾನೂನಿನಲ್ಲಿ ಅದಕ್ಕೆ ಅವಕಾಶವೂ ಇದೆ. ಆದರೆ ಜೋಡಿಸುವ ಕಿಟ್ ಪರೀಕ್ಷೆಗೊಳಪಟ್ಟು, ಯಾವ ಮಾದರಿಗೆಂದು ಅನುಮೋದನೆ ಪಡೆದಿರಬೇಕು. ತಯಾರಿಕೆ ನಿಂತುಹೋದ ನಮ್ಮಂಥ ಗಾಡಿಗೆ ಆ ಖರ್ಚು ಮಾಡುವ ಉದ್ಯಮಿ ಸಿಗುವುದು ಕಷ್ಟ. ಉದ್ಯಮಬಾಗದಲ್ಲಿ ಎರಕದಿಂದ ಹಿಡಿದು ಹೈಡ್ರಾಲಿಕ್ಸ್‌ವರೆಗೆ ಎಲ್ಲ ಮಾಡಬಲ್ಲ ಕುಶಲ ಕೈಗಳಿವೆ. ಅಂಥ ಊರಿನಲ್ಲಿ ಈ ಕೆಲಸ ಆಗುವಂತಿಲ್ಲವೆಂಬುದು ನನಗೆ ಬೇಸರ ತರುತ್ತದೆ.

ಶಹಾಪುರದ ಮಿಸ್ತ್ರಿ ನನಗೆ ಹೇಳಿದ ಮಾತು ಬೇರೆಯೇ. ‘ಸಾಹೇಬರ, ಈ ಗಾಡಿ ಹೋದರ ಹೋಗಲಿ. ಹೊಸಾ ಗಾಡಿ ನನ್ನ ಹತ್ರ ಬಂದರ ನಾ ಏನ್ ಮಾಡ್ಲಿ? ಬಾನೆಟ್ ತೆಗದು ನೋಡಿ ಮುಚ್ಚೂದಷ್ಟ.’ ಅವರ ಅಂಗಡಿಯಲ್ಲಿ ಪಾನಾಗಳ ಸಾಲು, ಜಾಕು, ವೆಲ್ಡಿಂಗ್ ಯಂತ್ರ ಇವೆ. ಹೊಸ ಗಾಡಿಯ ಕಂಪ್ಯೂಟರಿನೊಡನೆ ಮಾತನಾಡುವ ಉಪಕರಣವೂ ಅದರ ಒಳಗುಟ್ಟೂ ಕಂಪನಿಯ ಅಧಿಕೃತ ಕೇಂದ್ರದಲ್ಲಿವೆ. ನನಗೆ ಆಗ ನೆನಪಾದದ್ದು ಹೈಬ್ರಿಡ್ ಬೀಜ: ಒಂದು ಬೆಳೆ ತೆಗೆದ ಮೇಲೆ ಮತ್ತೆ ಕಂಪನಿಯ ಬಾಗಿಲಿಗೇ ಹೋಗಬೇಕು. ಬೀಜದ ವಿಷಯದಲ್ಲಿ ನಾವು ಸುಮ್ಮನಿರಲಿಲ್ಲ. ದೇಶದಾದ್ಯಂತ ನಡೆದ ಹೋರಾಟದ ಫಲವಾಗಿ 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೆಯ ಕಲಮು ರೈತನಿಗೆ ಬೀಜ ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಬ್ರಾಂಡಿಲ್ಲದೆ ಮಾರುವ ಹಕ್ಕು ಕೊಟ್ಟಿತು. ರಿಪೇರಿಯ ಹಕ್ಕಿಗೆ ಅಂಥ ಕಾಯ್ದೆ ಬಂದಿಲ್ಲ. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಸಮಿತಿಯೊಂದನ್ನು ರಚಿಸಿ ಕೃಷಿ ಯಂತ್ರ ಮತ್ತು ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಅದೇ ವರ್ಷದ ಕೊನೆಗೆ ಜಾಲತಾಣವೊಂದು ಆರಂಭವಾಯಿತು. ಮಾಹಿತಿ ಕೊಡಿರೆಂದು ಕಂಪನಿಗಳನ್ನು ಕೋರುವುದಕ್ಕೂ ಕೊಡಲೇಬೇಕೆಂದು ವಿಧಿಸುವುದಕ್ಕೂ ಅಂತರ ಬಹಳ.

ಹಳೆಯ ನೋಟದ ಹೊಸ ಜೀಪುಗಳು ನಮ್ಮ ಬೆಟ್ಟಗಳಿಗೆ ಏಕೆ ಬರುತ್ತಿವೆ ಎಂಬುದನ್ನೂ ಹೇಳದೆ ಇರಲಾರೆ. ಜಾಹೀರಾತಿನಲ್ಲಿ ಅವು ಹೊಳೆಯ ಒಳಗೆ, ಹುಲ್ಲುಗಾವಲಿನ ನೆತ್ತಿಯ ಮೇಲೆ ನಿಂತಿರುತ್ತವೆ. ಮಳೆ ಹಿಡಿದ ಶನಿವಾರ, ಭಾನುವಾರಗಳಲ್ಲಿ ಚೋರ್ಲಾ ರಸ್ತೆಯ ಬದಿಯ ಹುಲ್ಲುಹಾಸನ್ನು ನೋಡಿಬನ್ನಿ. ಜಂಬಿಟ್ಟಿಗೆಯ ಮೇಲೆ ಒಂದೆರಡು ಅಂಗುಲ ಮಣ್ಣು ಕೂಡಲು ಎಷ್ಟು ಕಾಲ ಹಿಡಿಯುತ್ತದೆಂದು ಬಲ್ಲ ನನಗೆ ಆ ಗಾಲಿಯ ಗೀರುಗಳನ್ನು ನೋಡಲಾಗುವುದಿಲ್ಲ. ಅತ್ತ ಭೀಮಗಡ ಅಭಯಾರಣ್ಯದ ಒಳಗಿನ ಹಳ್ಳಿಗಳಿಂದ ಮಳೆಗಾಲದಲ್ಲಿ ರೋಗಿಗಳನ್ನು ಹೆಗಲ ಮೇಲೆ ಹೊತ್ತು ತರುವ ಸುದ್ದಿ ಈಗಲೂ ಪತ್ರಿಕೆಗಳಲ್ಲಿ ಬರುತ್ತದೆ. ಹಳೆಯ ವ್ಯಾನಿನ ನೆನಪು ಅಲ್ಲಿನವರಿಗಿಲ್ಲ, ಯಾವ ವ್ಯಾನೂ ಅವರ ಅಂಗಳದವರೆಗೆ ಬಂದಿರಲಿಲ್ಲ.

ನನ್ನ ಅಭಿಪ್ರಾಯ ಸ್ಪಷ್ಟವಾಗಿರಲಿ. ಮೆಟಾಡೋರನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಡಬೇಕು. ಅದರ ಬದಲು ಥಾರ್ ಆಗಲಿ ಬೇರೆ ಶೋಕಿಯ ಗಾಡಿಯಾಗಲಿ ಬೇಡ. ಯಾರೂ ತಿರುಗಿ ನೋಡದಂಥ, ತಗ್ಗು ನೆಲದ, ಸಾಧಾರಣ ಸರಕಿನ ಗಾಡಿಯೊಂದನ್ನು ಅಕ್ಕಪಕ್ಕದ ಐದಾರು ಊರಿನ ಸಂಘಗಳೊಡನೆ ಸೇರಿ ಕೊಳ್ಳೋಣ. ಕೊಳ್ಳುವ ಮುನ್ನ ಮಿಸ್ತ್ರಿಯನ್ನು ಜೊತೆಗೆ ಕರೆದೊಯ್ದು, ಇದರಲ್ಲಿ ನೀವು ಏನೇನು ರಿಪೇರಿ ಮಾಡಬಲ್ಲಿರಿ ಎಂದು ಕೇಳೋಣ. ರಿಪೇರಿಯ ಹಕ್ಕು ಕಾಯ್ದೆಯಾಗಬೇಕೆಂಬ ಮನವಿಯ ಕರಡನ್ನು ಮುಂದಿನ ಸಭೆಗೆ ನಾನೇ ತರುತ್ತೇನೆ. ಭಿನ್ನಾಭಿಪ್ರಾಯವಿರುವವರ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಜಾಗವಿದೆ. ಮೆಟಾಡೋರಿನ ಪರ ಬರೆಯುವವರು ದಯವಿಟ್ಟು ಒಂದು ಪುಟಕ್ಕೆ ನಿಲ್ಲಿಸಿ.

ನೋಂದಣಿ ಮುಗಿಯುವ ಮೊದಲು ಗಾಡಿಗೆ ಒಂದು ಸುತ್ತು ಉಳಿದಿದೆ. ಮುರುಗಲು ಮತ್ತು ಹಲಸಿನ ಸಸಿಗಳನ್ನು ಖಾನಾಪುರದಿಂದ ಜಾಂಬೋಟಿ ಮಾರ್ಗದ ಊರುಗಳಿಗೆ ತಲುಪಿಸುವುದು. ಎಷ್ಟು ಸಸಿ ಬೇಕೆಂದು ಊರಿನವರು ಮುಂಚಿತವಾಗಿ ತಿಳಿಸಬೇಕು. ಗಾಡಿಯಲ್ಲಿ ಆರು ಜನಕ್ಕಷ್ಟೇ ಜಾಗ, ಉಳಿದದ್ದು ಸಸಿಗಳಿಗೆ.